ಯುಗಾದಿಗೆ ಮೊದಲು ನೆಟ್ಟ ಬೋರ್ಡು

"ಮೇಡಂ, ಒಂದು ಬೋರ್ಡು ಸತ್ತೈತೆ."

ಹೆಡ್ ಕಾನ್‌ಸ್ಟೇಬಲ್ ಪಾಪಣ್ಣ ಫೋನಿನಲ್ಲಿ ಹೇಳಿದ್ದು ಇಷ್ಟೇ. ಸಬ್ ಇನ್ಸ್‌ಪೆಕ್ಟರ್ ಅಂಜಲಿ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಸತ್ತಿದ್ದು ಯಾರು ಅಂದ್ರಿ?"

"ಬೋರ್ಡು. ಸುಟ್ಟು ಕರಕಲಾಗೈತೆ. ಬಬ್ಬೂರು ಆಚೆ, ಚಿಕ್ಕತಿಮ್ಮಪ್ಪನ ಹೊಲದಾಗೆ. ಸಾಹೇಬ್ರೊಬ್ರು ಕಾರಲ್ಲಿ ಬಂದು ಕುಣೀತಾವ್ರೆ. ಬೇಗ ಬರ್ರಿ."

ಡಾಂಬರು ರಸ್ತೆ ಬಿಟ್ಟು ಬಂಡಿ ದಾರಿಯಲ್ಲಿ ಜೀಪು ಕುಲುಕುತ್ತ ಸಾಗಿತು. ಹೊಲ ಬೋಳಾಗಿತ್ತು. ಬದುವಿನ ಪಕ್ಕದಲ್ಲಿ ಎರಡು ನೀಲಗಿರಿ ಕಂಬಗಳ ಬುಡ ಮಾತ್ರ ನೆಟ್ಟಗೆ ನಿಂತಿದ್ದವು. ಮೇಲಿನದೆಲ್ಲ ಇದ್ದಿಲು. ಕಂಬಗಳ ಸುತ್ತ ಕರಿ ಬೂದಿ. ಅಂಟಂಟಾದ ಪ್ಲಾಸ್ಟಿಕ್ಕಿನ ಮುದ್ದೆ. ಪೆಟ್ರೋಲಿನ ವಾಸನೆ ಇನ್ನೂ ಆರಿರಲಿಲ್ಲ.

ಬಿಳಿ ಅಂಗಿಯವನು ದಾಪುಗಾಲು ಹಾಕುತ್ತ ಬಂದ. ಹೆಸರು ಗುರುರಾಜ್. ಚಿತ್ರದುರ್ಗದಲ್ಲಿ ಕಚೇರಿ. ಹೊಲಗಳನ್ನು ಲೇಔಟ್ ಮಾಡಿಸುವ ಅರ್ಜಿ ಹಾಕಿ, ಅನುಮತಿ ತಂದುಕೊಡುವುದು ಅವನ ಕಸುಬು. ಲೈಸೆನ್ಸು ಪಡೆದ ಕನ್ಸಲ್ಟೆಂಟು. ಕಾರಿನ ಬಳಿ ಅವನ ಡ್ರೈವರ್ ಕೊಟ್ರೇಶ್ ಕೈಕಟ್ಟಿ ನಿಂತಿದ್ದ.

"ಮೇಡಂ, ಇದು ಬರೀ ಬೋರ್ಡಲ್ಲ, ಸಾರ್ವಜನಿಕ ಪ್ರಕಟಣೆ" ಎಂದ ಗುರುರಾಜ್. "ಹೊಸ ಕಾನೂನು ಗೊತ್ತಲ್ಲ ನಿಮಗೆ? ಲೇಔಟ್ ಆಗೋ ಜಾಗದಲ್ಲೇ ಬೋರ್ಡು ನೆಡಬೇಕು. ತಿಂಗಳು ಪೂರ್ತಿ ನಿಂತಿರಬೇಕು. ಅಕ್ಕಪಕ್ಕದೋರು ಓದಿ ತಕರಾರು ಇದ್ರೆ ಹಾಕಬೇಕು. ನಾನು ಎಲ್ಲಾ ನಿಯಮದ ಪ್ರಕಾರ ಮಾಡಿದೀನಿ. ಇವತ್ತು ಯೋಜನಾ ಕಚೇರಿಯವರು ತಪಾಸಣೆಗೆ ಬರ್ತಾರೆ. ರಾತ್ರಿ ಬೆಂಕಿ ಇಟ್ಟಿದಾರೆ."

"ಯಾರು?"

"ಇನ್ಯಾರು? ಆ ಕುರಿ ಕಾಯೋರ ಹಟ್ಟಿ ಹುಡುಗ ಜುಂಜೇಶ್. ನನ್ನ ಅರ್ಜಿ ಮೇಲೆ ತಕರಾರು ಹಾಕಿದವನು ಅವನೊಬ್ಬನೇ. ಸಾಕ್ಷಿ ಬೇಕಾ? ನೋಡಿ."

ಅವನ ಬೆರಳು ಬದುವಿನ ಕಡೆ ತಿರುಗಿತು. ಲಂಟಾನ ಪೊದೆಗೆ ಸಿಕ್ಕಿಕೊಂಡಿದ್ದ ಒಂದು ತುಂಡು ಕರಿ ಕಂಬಳಿ.

ಪಾಪಣ್ಣ ಕಂಬಳಿ ಮೂಸಿ ನೋಡಿದ. "ಕುರಿ ಕಾಯೋರ್ದೇ ಮೇಡಂ. ವಾಸನೆಗೆ ಸಾಕ್ಷಿ ಬೇಡ."

* * *

ಹಟ್ಟಿ ಅಲ್ಲಿಂದ ಕೂಗಳತೆಯ ದೂರ. ಸುತ್ತ ಕಳ್ಳೆ ಮುಳ್ಳಿನ ಬೇಲಿ. ಬಾಗಿಲಲ್ಲಿ ಪಾಲಮ್ಮ ಕುರಿಮರಿಯೊಂದರ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. ಖಾಕಿ ಕಂಡವಳು ಎದ್ದು ನಿಂತಳು. ಮರಿ ಮಾತ್ರ ಕೈಯಲ್ಲೇ ಇತ್ತು.

"ಬರ್ರವ್ವ, ಕುಂತ್ಕಳ್ರಿ. ನಮ್ಮ ಹುಡ್ಗ ಪಾಸಾಗಿದ್ದು ವಿಚಾರಿಸಕ್ಕೆ ಬಂದ್ರಾ?"

ಜುಂಜೇಶ್ ಒಳಗಿನಿಂದ ಬಂದ. ಅಂಜಲಿಯ ಮುಖ ನೋಡಿದವನೇ ತಾಯಿಯ ಕಡೆ ಕಣ್ಣು ಮಾಡಿ, ಸುಮ್ಮನಿರು ಎಂದು ಸನ್ನೆ ಮಾಡಿದ. ಅಂಜಲಿಗೆ ವಿಷಯ ತಟ್ಟನೆ ಹೊಳೆಯಿತು. ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಆಯ್ಕೆಯಾದವರ ಪೊಲೀಸ್ ಪರಿಶೀಲನೆಯ ಕಾಗದ ಅವಳ ಮೇಜಿನ ಮೇಲೇ ಇತ್ತು. ಅದರಲ್ಲಿ ಇವನ ಹೆಸರೂ ಇತ್ತು. ಇವನ ಮೇಲೆ ಒಂದು ಎಫ್‌ಐಆರ್ ಬಿದ್ದರೆ ಸಾಕು. ಆ ಕೆಲಸ ಕೈತಪ್ಪುತ್ತದೆ.

"ಈ ಕಂಬಳಿ ಯಾರದು?" ಎಂದಳು ಅಂಜಲಿ.

"ನಮ್ಮಪ್ಪಂದು" ಎಂದ ಜುಂಜೇಶ್. ಒಂದು ಗಳಿಗೆಯೂ ತಡಮಾಡಲಿಲ್ಲ. "ಪೊದೆಗೆ ಸಿಕ್ಕು ಹರೀತು. ಯುಗಾದಿ ಆದ್ಮೇಲೆ ಆ ಹೊಲದಾಗೆ ಗೊಬ್ಬರಕ್ಕೆ ಅಂತ ನಮ್ಮ ಮಂದೆ ತರುಬಿದ್ವಿ. ರಾತ್ರಿ ಅಲ್ಲೇ ಮಲಗ್ತಿದ್ವಿ. ನೆನ್ನೆ ಬೆಳಿಗ್ಗೆ ಮಂದೆ ಎಬ್ಬಿಸ್ಕಂಡು ಬಂದ್ವಿ. ನಮ್ಮಪ್ಪ ಈಗ ಕುರಿ ಹೊಡ್ಕಂಡು ಆಚೆ ಹೋಗವ್ನೆ."

"ಲೇಔಟ್ ಆಗೋ ಹೊಲಕ್ಕೆ ಗೊಬ್ಬರ ಯಾಕೆ?"

"ಲೇಔಟು ಯಾವಾಗ ಆಗ್ತದೋ ಯಾರಿಗ್ಗೊತ್ತು, ಈ ಮುಂಗಾರಿಗೆ ಶೇಂಗಾ ಹಾಕ್ತೀನಿ, ಮಂದೆ ಬಿಡ್ರಪ್ಪ ಅಂತ ಚಿಕ್ಕತಿಮ್ಮಣ್ಣನೇ ಹೇಳಿದ್ದ."

"ತಕರಾರು ಹಾಕಿದ್ದು ನೀನೇ ತಾನೆ?"

"ಹೌದು ಮೇಡಂ. ಆ ಬಂಡಿ ದಾರೀಲೇ ನಮ್ಮ ಕುರಿ ನೀರಿಗೆ ಹೋಗೋದು. ಚಿಕ್ಕತಿಮ್ಮಣ್ಣ ತೋರ್ಸಿದ ಪ್ಲಾನಿನಾಗೆ ಆ ದಾರಿನೇ ಇಲ್ಲ. ಈಗ ತಕರಾರಿಗೆ ಫೀಸಿಲ್ಲ, ಮೊಬೈಲಾಗೇ ಹಾಕ್ಬಹುದು ಅಂತ ಪೇಪರಾಗೆ ನೋಡಿದೆ, ಹಾಕ್ದೆ. ಹೊಲದಾಗೆ ಬೋರ್ಡೇ ಇಲ್ಲ ಅಂತಾನೂ ಬರ್ದೆ."

"ಬೋರ್ಡು ಇರಲಿಲ್ವಾ?"

"ಅಷ್ಟೊಂದು ದಿನ ರಾತ್ರಿ ಅಲ್ಲೇ ಮಲಗಿದ್ವಿ. ಬೋರ್ಡು ಇದ್ದಿದ್ರೆ ಕಂಬಳಿ ಅದ್ರ ಮೇಲೇ ಒಣಗಿ ಹಾಕ್ತಿರ್ಲಿಲ್ವಾ?"

ಪಾಲಮ್ಮ ಮಗನ ಬೆನ್ನಿಗೊಂದು ಗುದ್ದಿದಳು. "ನಿನಿಗ್ಯಾಕೆ ಬೇಕಿತ್ತಲೇ ಆ ತಕರಾರು? ಮದ್ಲು ಕೆಲಸಕ್ಕೆ ಸೇರ್ಕಂಡು ಆಮೇಲೆ ಹುಲಿ ಆಗ್ಬೇಕಿತ್ತು."

ಪಾಪಣ್ಣ ಮೆಲ್ಲಗೆ ಅಂದ, "ಕಳ್ಳನಾದೋನು ಕಂಬಳಿ ನಮ್ಮಪ್ಪಂದೇ ಅನ್ನಲ್ಲ ಮೇಡಂ."

"ಬುದ್ಧಿವಂತ ಕಳ್ಳ ಹಂಗೇ ಅಂತಾನೆ" ಎಂದಳು ಅಂಜಲಿ.

* * *

ಹೊಲಕ್ಕೆ ವಾಪಸು ಬರುವಷ್ಟರಲ್ಲಿ ಚಿತ್ರದುರ್ಗದಿಂದ ತಪಾಸಣೆಗೆ ಬಂದಿದ್ದ ಯೋಜನಾಧಿಕಾರಿ ಸುಚಿತ್ರಾ ಅಲ್ಲಿದ್ದರು. ಹೊಲದ ಯಜಮಾನ ಚಿಕ್ಕತಿಮ್ಮಪ್ಪ ಕೋಲೂರಿಕೊಂಡು ಬಂದು ಕಲ್ಲಿನ ಮೇಲೆ ಕೂತಿದ್ದ. ಅವನ ಪಂಪ್‌ಸೆಟ್ಟಿನ ಮನೆಯಲ್ಲಿ ಪೆಟ್ರೋಲಿನ ಕ್ಯಾನು ಸಿಕ್ಕಿತು.

"ಇದೇನಜ್ಜ?"

"ಮೋಟ್ರಿಗೆ ಹಾಕದು. ಮುಚ್ಚಳದ ಸುತ್ತ ನೋಡ್ರಿ, ಜೇಡ ಗೂಡು ಕಟ್ಟೈತೆ."

ಕಟ್ಟಿತ್ತು.

"ಹೊಲ ಮಾರೋ ಮನಸ್ಸು ಬದಲಾಗಿದೆ ಅಂತಾರೆ. ನೀವೇ ಬೋರ್ಡು ಸುಟ್ಟಿರಬಹುದಲ್ಲ?"

ಮುದುಕ ಕೆಮ್ಮುತ್ತ ನಕ್ಕ. "ಚಿಕೂನ್‌ಗುನ್ಯಾ ಬಂದು ಯುಗಾದಿಗೆ ಮುಂಚಿಂದ ಹಾಸಿಗೆ ಹಿಡಿದಿದ್ದೆ. ಒಬ್ಬಟ್ಟು ತಿನ್ನಕ್ಕೂ ಎದ್ದಿಲ್ಲ. ಇವತ್ತೇ ಮದ್ಲು ಹೊಲಕ್ಕೆ ಬಂದಿದ್ದು. ಬೋರ್ಡು ಇತ್ತೋ ಇಲ್ವೋ, ದೇವ್ರಾಣೆ ನಂಗೊತ್ತಿಲ್ಲ. ಮನಸ್ಸು ಬದ್ಲಾಗಿದ್ದು ಮಾತ್ರ ಖರೆ."

ಅಂಜಲಿ ಸುಚಿತ್ರಾ ಅವರನ್ನು ಬೇವಿನ ಮರದ ನೆರಳಿಗೆ ಕರೆದಳು.

"ಬೋರ್ಡು ನೆಟ್ಟಿರಲೇ ಇಲ್ಲ ಅಂತ ಇವತ್ತು ನಿಮಗೆ ಗೊತ್ತಾಗಿದ್ದರೆ ಏನಾಗ್ತಿತ್ತು ಮೇಡಂ?"

"ಅರ್ಜಿ ವಜಾ" ಎಂದರು ಸುಚಿತ್ರಾ. "ಮೊದಲು ಪ್ರತಿ ಮೇಜಿಗೂ ಒಂದೊಂದು ಫೀಸು, ವರ್ಷಗಟ್ಟಲೆ ಅಲೆದಾಟ. ಹೊಸ ಪದ್ಧತಿಯಲ್ಲಿ ಒಂದೇ ಅರ್ಜಿ, ಒಂದೇ ಶುಲ್ಕ, ಗಡುವಿನೊಳಗೆ ತೀರ್ಮಾನ. ನಾವು ತಡ ಮಾಡಿದರೆ ಶುಲ್ಕ ವಾಪಸು. ಅವರು ಸುಳ್ಳು ಹೇಳಿದರೆ ಶುಲ್ಕ ಮುಟ್ಟುಗೋಲು. ಕನ್ಸಲ್ಟೆಂಟ್ ಲೈಸೆನ್ಸೂ ಹೋಗುತ್ತೆ."

"ಬೋರ್ಡು ನೆಟ್ಟಿದ್ದಕ್ಕೆ ಏನು ಪುರಾವೆ ಕೊಟ್ಟಿದ್ದಾರೆ?"

"ಫೋಟೋ. ಜಾಗ ಇದೇ. ತಾರೀಖೂ ಸರಿಯಾಗೇ ಇದೆ. ಯುಗಾದಿಗೆ ಮೊದಲಿನದು."

"ಬೋರ್ಡು ಸುಟ್ಟು ಹೋದರೆ?"

"ಅದು ಅರ್ಜಿದಾರರ ತಪ್ಪಲ್ಲವಲ್ಲ. ತಕರಾರು ಹಾಕಿದವನೇ ಸುಟ್ಟಿದ್ದು ಅಂತಾದರೆ ತಕರಾರಿಗೂ ಬೆಲೆ ಇರಲ್ಲ." ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಇವರ ಬೇರೆ ಅರ್ಜಿಗಳು ಎಲ್ಲೆಲ್ಲಿವೆ?"

"ಹೊಸದುರ್ಗದ ಕಡೆ ಇವೆ. ಹಿರೇಗುಂಟನೂರು ಹತ್ತಿರ ಒಂದು. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಲ್ಲೂ ಒಂದಿದೆ. ದೇವಸ್ಥಾನದ ಹಿಂದಿನ ಹೊಲ."

ಪಾಪಣ್ಣನ ಕಿವಿ ನಿಮಿರಿತು. "ಅದು ನಮ್ಮತ್ತೆ ಊರು ಮೇಡಂ! ಆ ಊರಾಗೆ ನೊಣ ಹಾರಿದ್ರೂ ನಮ್ಮತ್ತೆಗೆ ಗೊತ್ತಾಗ್ತೈತೆ." ಎನ್ನುತ್ತಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಯಾರು? ಪಾಪಣ್ಣನಾ?" ಅತ್ತೆ ಹನುಮಮ್ಮನ ದನಿ ಹೊಲದ ತುಂಬ ಕೇಳಿಸಿತು. "ಹಬ್ಬಕ್ಕೆ ಬರಕ್ಕೆ ಆಗ್ಲಿಲ್ಲ, ಈಗ ನೆನಪಾದ್ಲಾ ಅತ್ತೆ?"

"ಅತ್ತೆ, ಕೇಸಿನ ವಿಷ್ಯ. ದೇವಸ್ಥಾನದ ಹಿಂದ್ಗಡೆ ಹೊಲದಾಗೆ ಲೇಔಟ್ ಬೋರ್ಡು ಐತಾ?"

"ಬಂದಿತ್ತು, ಹೋಯ್ತು. ನಾನು ಸಗಣಿ ಬುಟ್ಟಿ ಹೊತ್ಕಂಡು ಹೋಗ್ತಿದ್ದೆ. ಒಂದು ಕಾರು ಬಂತು. ಒಬ್ನು ಬೋರ್ಡು ಹಿಡ್ಕಂಡು ನಿಂತ, ಇನ್ನೊಬ್ನು ಫೋಟ ಹೊಡ್ದ. ತಿರ್ಗ ಬೋರ್ಡನ್ನ ಕಾರ್ ಮೇಲೆ ಕಟ್ಕಂಡು ಹೋದ್ರು. ಮದುವೆ ಫೋಟಕ್ಕೆ ಗಂಡು ನಿಲ್ಸಿದಂಗೆ ನಿಲ್ಸಿದ್ರಪ್ಪ. ನೀನು ಯಾವಾಗ ಬರ್ತೀಯ?"

ಪಾಪಣ್ಣ ಅವಸರವಾಗಿ ಫೋನು ಕತ್ತರಿಸಿದ.

"ಒಂದೇ ಬೋರ್ಡು, ಊರೂರಿಗೆ ಮೆರವಣಿಗೆ" ಎಂದಳು ಅಂಜಲಿ. "ಆದರೆ ಅದು ಹೊಳಲ್ಕೆರೆ ಕಥೆ. ಇಲ್ಲಿ ಕಂಬ ನೆಲದಲ್ಲಿದೆ. ಇಲ್ಲಿ ನಿಜವಾಗಿ ನೆಟ್ಟೆ ಅಂತಾನೆ. ಹಟ್ಟಿಯವರು ಇಲ್ಲ ಅಂತಾರೆ. ಜನರನ್ನ ಕೇಳಿದರೆ ಎರಡು ಮಾತು. ನೆಲವನ್ನ ಕೇಳೋಣ."

* * *

ಎಲ್ಲರನ್ನೂ ಕಂಬಗಳ ಸುತ್ತ ನಿಲ್ಲಿಸಿದಳು. ಹಟ್ಟಿಯಿಂದ ಜುಂಜೇಶನೂ ಪಾಲಮ್ಮನೂ ಬಂದಿದ್ದರು. ಗುರುರಾಜ್ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಗುರುರಾಜ್ ಅವರೇ, ಈ ಕಂಬ ಯಾವಾಗ ನೆಟ್ಟಿದ್ದು?"

"ಆಗಲೇ ಹೇಳಿದೆನಲ್ಲ. ಯುಗಾದಿಗೆ ಮೊದಲು."

"ಆಮೇಲೆ ಕಿತ್ತು ಮತ್ತೆ ನೆಟ್ಟಿದ್ದು ಉಂಟಾ?"

"ಯಾಕೆ ಕೀಳಲಿ? ಗಾಳಿಗೂ ಅಲುಗಬಾರದು ಅಂತ ಆಳವಾಗಿ ಗುಂಡಿ ತೆಗೆಸಿ, ದಮ್ಮಸು ಹೊಡೆಸಿದ್ದೆ. ಅವತ್ತಿಂದ ಅಲ್ಲೇ ಇತ್ತು."

"ಸುಚಿತ್ರಾ ಮೇಡಂ, ಕೇಳಿಸ್ಕೊಂಡ್ರಲ್ಲ? ಪಾಪಣ್ಣ, ಹಾರೆ ತಗೊಳ್ಳಿ."

ಪಾಪಣ್ಣ ಹಾರೆ ಹಾಕಿ ಮೀಟಿದ. ಕಂಬ ನಿಧಾನಕ್ಕೆ ಮೇಲೆ ಬಂತು. ಅಂಜಲಿ ಮಂಡಿಯೂರಿ ಗುಂಡಿಗೆ ಕೈ ಇಳಿಸಿದಳು. ಕಂಬ ಕೂತಿದ್ದ ತಳದಿಂದ ಒಂದು ಹಿಡಿ ಮಣ್ಣು ಎತ್ತಿ, ಎಲ್ಲರೆದುರು ಅಂಗೈ ಬಿಚ್ಚಿದಳು.

ಕೆಂಪು ಮಣ್ಣಿನ ನಡುವೆ ಕಪ್ಪಗೆ, ದುಂಡಗೆ ಕುರಿಹಿಕ್ಕೆ. ಒಂದೂ ಪುಡಿಯಾಗಿರಲಿಲ್ಲ. ಹೊಳಪೂ ಹೋಗಿರಲಿಲ್ಲ.

ಕೊಟ್ರೇಶ್ ಕಟ್ಟಿದ್ದ ಕೈಯನ್ನು ಇನ್ನಷ್ಟು ಬಿಗಿಮಾಡಿದ.

"ಅದರಲ್ಲೇನಿದೆ?" ಎಂದ ಗುರುರಾಜ್. "ಹೊಲದ ತುಂಬ ಹಿಕ್ಕೆನೇ ಇದೆ."

"ಇದೆ. ಮೇಲೆ ಇದೆ. ಆದರೆ ಕಂಬದ ಅಡಿಗೆ ಹೆಂಗೆ ಬಂತು? ಚಿಕ್ಕತಿಮ್ಮಪ್ಪನೋರೇ, ಈ ಹೊಲದಲ್ಲಿ ಹಿಂದೆ ಮಂದೆ ತರುಬಿಸಿದ್ರಾ?"

"ಇಲ್ಲ ಕಣವ್ವ. ಇಷ್ಟು ವರ್ಷ ಗೊಬ್ಬರಕ್ಕೆ ಕೆರೆಗೋಡು ಮಣ್ಣೇ ಹೊಡೆಸ್ತಿದ್ದೆ. ಈ ಹೊಲಕ್ಕೆ ಕುರಿ ಬಂದಿದ್ದೇ ಈ ಸಲ, ಯುಗಾದಿ ಆದ್ಮೇಲೆ."

"ಸರಿ" ಎಂದು ಅಂಜಲಿ ಎದ್ದಳು. "ಕಂಬ ಯುಗಾದಿಗೆ ಮೊದಲೇ ಕೂತಿದ್ದರೆ, ಆಮೇಲೆ ಬಂದ ಕುರಿ ಅದರ ತಳಕ್ಕೆ ಹೋಗಿ ಹಿಕ್ಕೆ ಹಾಕಲ್ಲ. ಮೊದಲು ಮಂದೆ ಬಂತು. ನೆಲದ ಮೇಲೆ ಹಿಕ್ಕೆ ಬಿತ್ತು. ನೆನ್ನೆ ಮಂದೆ ಎದ್ದು ಹೋಯ್ತು. ಆಮೇಲೆ ಯಾರೋ ಗುಂಡಿ ಅಗೆದರು. ಕತ್ತಲಲ್ಲಿ ಮೇಲಿನ ಮಣ್ಣೇ ಮೊದಲು ಗುಂಡಿಗೆ ಬಿತ್ತು, ಹಿಕ್ಕೆ ಸಮೇತ. ಅದರ ಮೇಲೆ ಕಂಬ ಇಟ್ಟು ದಮ್ಮಸು ಹೊಡೆದರು. ಬೋರ್ಡು ಕಟ್ಟಿದರು. ಬೆಂಕಿ ಇಟ್ಟರು."

"ನನ್ನ ಬೋರ್ಡು ನಾನೇ ಯಾಕೆ ಸುಡಲಿ? ಸುಮ್ಮನೆ ನೆಟ್ಟು ಬಿಟ್ಟಿದ್ದರೆ ಆಗ್ತಿರಲಿಲ್ವಾ?"

"ಆಗ್ತಿರಲಿಲ್ಲ. ಹೊಸದಾಗಿ ನೆಟ್ಟ ಬೋರ್ಡು ನೋಡಿದವರಿಗೆಲ್ಲ ಗೊತ್ತಾಗುತ್ತೆ. ಬಿಸಿಲಿಗೆ ಬಣ್ಣ ಮಾಸಿರಲ್ಲ, ಬುಡದಲ್ಲಿ ಹಸಿ ಮಣ್ಣು. ಸುಟ್ಟ ಬೋರ್ಡಿಗೆ ವಯಸ್ಸಿಲ್ಲ. ಬೂದಿ ಬುಡದ ಮಣ್ಣನ್ನೂ ಮುಚ್ಚಿತು. ಜೊತೆಗೆ ತಕರಾರು ಹಾಕಿದವನ ಬಾಯಿಗೂ ಬೀಗ. ಫೋಟೋಗೆ ಹಿಡಿದು ನಿಲ್ಲಿಸಿ ಎತ್ತಿಕೊಂಡು ಹೋಗೋ ಬೋರ್ಡಿನಿಂದ ಇಷ್ಟು ದಿನ ಕೆಲಸ ನಡೀತಿತ್ತು. ಇಲ್ಲಿ ಒಬ್ಬ ಹುಡುಗ, ಬೋರ್ಡೇ ಇಲ್ಲ ಅಂತ ಬರೆದ. ಬಿಟ್ಟರೆ ಹೊರಕೆರೆದೇವಪುರ, ಹೊಸದುರ್ಗ, ಎಲ್ಲಾ ಬಯಲಿಗೆ ಬರ್ತಿತ್ತು."

"ಇದೆಲ್ಲ ಊಹೆ. ಕುರಿ ಹಿಕ್ಕೆ ನಂಬಿಕೊಂಡು..."

"ಕೊಟ್ರೇಶ್, ಕೈ ಬಿಡಿಸು."

ಬೆಳಿಗ್ಗೆಯಿಂದ ಕಟ್ಟಿದ್ದ ಕೈ. ಡ್ರೈವರ್ ಬಿಡಿಸಿದ. ಅಂಗೈಯಲ್ಲಿ ಹೊಸ ಬೊಕ್ಕೆಗಳು ಒಡೆದಿದ್ದವು.

"ಗುಂಡಿ ತೋಡಿದ್ದು ನಾನೇ ಮೇಡಂ" ಎಂದ. "ನನ್ನ ಕೆಲಸ ಕಾರು ಹೊಡೆಯೋದು. ಗುದ್ದಲಿ ಹಿಡಿದು ಅಭ್ಯಾಸ ಇಲ್ಲ ಅಂದ್ರೂ ಸಾರು ಬಿಡ್ಲಿಲ್ಲ. ಪೆಟ್ರೋಲು ಮಾತ್ರ ಅವ್ರೇ ಸುರಿದಿದ್ದು."

"ಲೇ ಕೊಟ್ರ!" ಎಂದ ಗುರುರಾಜ್.

ಸುಚಿತ್ರಾ ತಮ್ಮ ಫೋನು ತೆಗೆದರು. "ಶುಲ್ಕ ಮುಟ್ಟುಗೋಲು" ಎಂದು ಶಾಂತವಾಗಿ ಹೇಳಿದರು. "ಲೈಸೆನ್ಸ್ ಅಮಾನತಿಗೆ ಇವತ್ತೇ ಬರೀತೀನಿ. ನಿಮ್ಮ ಬಾಕಿ ಅರ್ಜಿಗಳ ಜಾಗಗಳಿಗೂ ನಾನೇ ಹೋಗ್ತೀನಿ."

ಪಾಲಮ್ಮ ಗುಂಡಿಯೊಳಗೆ ಇಣುಕಿದಳು. "ಕುರಿ ಬಾಯಿ ಬಿಡ್ದೆ ಸಾಕ್ಷಿ ಹೇಳ್ತು ನೋಡ್ರಿ" ಎಂದಳು. ಚಿಕ್ಕತಿಮ್ಮಪ್ಪ ಕಲ್ಲಿನ ಮೇಲೆ ಕೂತಲ್ಲೇ ನಕ್ಕ. ನಗುತ್ತ ನಗುತ್ತ ಮಂಡಿನೋವು ನೆನಪಾಗಿ ಅಯ್ಯೋ ಅಂದ.

"ಶೇಂಗಾನೇ ಹಾಕ್ತೀನಿ ಕಣ್ರಪ್ಪ" ಎಂದ. "ಇಷ್ಟು ಗೊಬ್ಬರ ಬಿದ್ದೈತೆ, ಸೈಟು ಮಾಡಿದ್ರೆ ಪಾಪ ಬರ್ತೈತೆ."

* * *

ಮಾರನೆಯ ವಾರ ಅಂಜಲಿ ಪರಿಶೀಲನೆಯ ಕೆಲಸಕ್ಕೆ ಹಟ್ಟಿಗೆ ಹೋದಳು. ಈ ಸಲ ಕುಂತ್ಕಳ್ರಿ ಎನ್ನುವ ಮೊದಲೇ ಕೂತಳು. ಕೈಗೆ ಲೋಟದ ತುಂಬ ಮಜ್ಜಿಗೆ ಬಂತು.

"ವಿಳಾಸ ಸರಿ. ವಿದ್ಯೆ ಸರಿ. ಠಾಣೆಯಲ್ಲಿ ಯಾವ ಪ್ರಕರಣವೂ ಇಲ್ಲ" ಎಂದು ಬರೆದುಕೊಳ್ಳುತ್ತ ತಲೆ ಎತ್ತಿದಳು. "ಇನ್ನು ನಡತೆ. ಅಕ್ಕಪಕ್ಕದವರನ್ನ ಕೇಳಬೇಕು."

"ಅಕ್ಕಪಕ್ಕದೋರು ಯಾಕ್ರವ್ವ, ನನ್ನ ಕೇಳ್ರಿ" ಎಂದಳು ಪಾಲಮ್ಮ. "ಹೊತ್ತು ನೆತ್ತಿಗೆ ಬಂದ್ರೂ ಏಳಲ್ಲ. ಹೇಳಿದ ಮಾತು ಕೇಳಲ್ಲ. ಸಿಕ್ಕಿದ್ದಕ್ಕೆಲ್ಲ ತಕರಾರು ತೆಗೀತಾನೆ."

"ಅವ್ವಾ!" ಎಂದ ಜುಂಜೇಶ್.

ಅಂಜಲಿ ಮಜ್ಜಿಗೆ ಕುಡಿದು ಮುಗಿಸಿ, 'ನಡತೆ ಉತ್ತಮ' ಎಂದು ಬರೆದು ಸಹಿ ಹಾಕಿದಳು.