ಉಳಿಸಿಕೊಂಡ ಗೆರೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದು ಮಾತ್ರ ಹಾಡುಹಗಲಲ್ಲೇ.

ಅಣ್ಣನೂ ನಾನೂ ಮನೆಯಲ್ಲೇ ನಮ್ಮ ಮೊದಲ ಮರದ ಬಿಲ್ಲು ಮಾಡುತ್ತಿದ್ದೆವು. "ಬಲ ನಿಂದು, ಬುದ್ಧಿ ನಂದು" ಎನ್ನುತ್ತಿದ್ದ. ನಾನು ಎಳೆದು ಹಿಡಿದರೆ ಅವನು ಎದುರು ನಿಂತು, ಮರ ಎಲ್ಲಿ ಬಾಗುತ್ತಿಲ್ಲವೋ ನೋಡಿ, ಪೆನ್ಸಿಲ್ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಅಲ್ಲಿ ಗೆರೆ ಹಾಕುತ್ತಿದ್ದ. ಆ ಗೆರೆ ಅಳಿಯುವವರೆಗೆ ನಾನು ಗಾಜಿನ ಚೂರಿನಿಂದ ಹೆರೆಯುತ್ತಿದ್ದೆ. ಕೆಲಸ ಅರ್ಧವಾಗಿದ್ದಾಗ ಒಂದು ದಿನ ಅವನು ಕೂತಲ್ಲೇ ಹೋಗಿಬಿಟ್ಟ.

ತಿಂಗಳಾದ ಮೇಲೆ, ಕೈ ಸುಮ್ಮನಿರಲಾರದೆ, ಒಬ್ಬನೇ ಬಿಲ್ಲೆಳೆದೆ. ಕೆಳಗಿಟ್ಟು ನೋಡಿದರೆ ಗೆರೆಯಿತ್ತು. ಹಳೆಯದಿರಬೇಕೆಂದು ಹೆರೆದು ಮತ್ತೆ ಎಳೆದೆ. ಆಗಷ್ಟೇ ಹೆರೆದ ಜಾಗದ ಮೇಲೆಯೇ ಇನ್ನೊಂದು ಗೆರೆ. ಮುಟ್ಟಿದರೆ ಒದ್ದೆ.

"ಅತ್ತಿಗೆ, ಅಣ್ಣನ ಪೆನ್ಸಿಲ್ ಎಲ್ಲಿದೆ?"

"ಅವರ ಜೇಬಲ್ಲೇ ಇತ್ತು. ತೆಗೆಯೋಕೆ ಮನಸ್ಸು ಬರ್ಲಿಲ್ಲ, ಅವರ ಜೊತೆಗೇ ಕಳಿಸ್ಬಿಟ್ಟೆ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ" ಎಂದೆ.

ಗೆರೆ ಬಿದ್ದಲ್ಲೆಲ್ಲ ಹೆರೆಯುತ್ತ ಹೋದೆ. ಈಗ ಬಿಲ್ಲು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಬಾಗುತ್ತದೆ. ಒಂದೇ ಒಂದು ಗೆರೆ ಬಾಕಿಯಿದೆ. ಅದನ್ನೂ ಹೆರೆದರೆ ಕೆಲಸ ಮುಗಿದುಹೋಗುತ್ತದಲ್ಲ ಎಂದು ಮುಟ್ಟದೆ ಬಿಟ್ಟಿದ್ದೇನೆ. ವರ್ಷವಾಯಿತು, ಅದಿನ್ನೂ ಒಣಗಿಲ್ಲ.