ಸತ್ತ ಮೇಜರ್‌ನ ಹೊಸ ಪದಕ

ನನ್ನ ಮೂಗಿಗೂ ಹಾವುಮೀನುಗಳಿಗೂ ನಾಲ್ಕೇ ಬೆರಳು ಅಂತರ.

ತೊಟ್ಟಿ ತುಂಬ ಅವೇ. ಕಪ್ಪಗೆ, ನುಣ್ಣಗೆ, ಒಂದರ ಮೇಲೊಂದು... ನನ್ನ ಕತ್ತಿನ ಮೇಲೆ ಒಂದು ಕೈ. ಕೈಯೋ, ಕಬ್ಬಿಣದ ಪಟ್ಟಿಯೋ!

"ಫೋಟೋ ಎಲ್ಲಿ?"

"ಯಾವ ಫೋಟೋ? ನನ್ನ ಹತ್ರ ಮದುವೆ ಫೋಟೋನೂ ಇಲ್ಲ. ಹೆಂಡ್ತಿ ಹೋಗುವಾಗ ತಗೊಂಡೇ ಹೋದ್ಲು."

ತಲೆ ಇನ್ನೆರಡು ಬೆರಳು ಕೆಳಗಿಳಿಯಿತು.

ಹ್ಯಾಂಬರ್ಗ್‌ನ ಮೀನು ಸಂತೆ ಅದು. ಇಸವಿ ಎಪ್ಪತ್ತೊಂದು. ಭಾನುವಾರ ಬೆಳಗ್ಗೆ ಎಂಟೂವರೆ. ಸುತ್ತ ಐನೂರು ಜನ ಇದ್ದರು ಸಾರ್, ಒಬ್ಬನೂ ತಿರುಗಿ ನೋಡಲಿಲ್ಲ. ಶನಿವಾರದ ಬಿಯರ್ ಇಳಿಯದವರು ಅಲ್ಲಿ ತೊಟ್ಟಿಗೆ ತಲೆ ಇಡುವುದು ಮಾಮೂಲು.

ತೊಟ್ಟಿಯನ್ನೇ ಒದ್ದೆ.

ಹಾವುಮೀನುಗಳು ಕಲ್ಲುಹಾಸಿನ ಮೇಲೆ ಹರಿದವು. ಕತ್ತು ಹಿಡಿದಿದ್ದ ಫೋಲ್ಕ್‌ಮಾರ್ ಬಾಗಿಲಿನಷ್ಟು ಅಗಲದ ಆಳು. ಒಂದರ ಮೇಲೆ ಕಾಲಿಟ್ಟ. ಆಮೇಲೆ ಅವನ ಕಾಲೆಲ್ಲೋ, ತಲೆಯೆಲ್ಲೋ.

"ಲೇ ಹಿನ್ನರ್ಕ್, ನನ್ ಮೀನು ಯಾರೋ ಹಿಡೀತಾರೆ?" ತೊಟ್ಟಿಯ ಒಡತಿ ಗೆಶೆ ನನ್ನತ್ತ ಕೂಗಿದಳು.

"ಬಿದ್ದಿದಾನಲ್ಲ, ಅವನ ಕೈಲಿ ಹಿಡಿಸು ಗೆಶೆ."

ಓಡಿದೆ. ಬಾಳೆಹಣ್ಣಿನ ಗಾಡಿ, ಕೋಳಿ ಬುಟ್ಟಿ, ಹೂಕುಂಡಗಳ ಸಾಲು... ಕಾಫಿ ಅಂಗಡಿಯ ಹಿಂದೆ ವೀಬ್ಕ ಮೇಡಂ ಕಾಯುತ್ತಿದ್ದರು. ಐವತ್ತರ ಸ್ಕೂಲ್ ಟೀಚರ್. ನನಗೆ ಈ ಕೆಲಸ ಕೊಟ್ಟವರು ಅವರೇ.

"ಏನ್ರೀ ಇದು, ಮೈಯೆಲ್ಲ ಲೋಳೆ?"

"ಫ್ರೇಮ್ ಮಾರಿದವನನ್ನ ವಿಚಾರಿಸೋಕೆ ಹೋದೆ. ಅವನು ಅದನ್ನ ತನಗೆ ಕೊಟ್ಟ ಮನೆಯವರಿಗೆ ಫೋನ್ ಮಾಡ್ಬಿಟ್ಟ."

ನನ್ನ ಕಸುಬು ಗೊತ್ತಲ್ಲ ನಿಮಗೆ? ಹಳೇ ಫೋಟೋದಲ್ಲಿ ಯೂನಿಫಾರ್ಮ್ ಹಾಕಿ ನಿಂತವನು ಯಾರು, ಯಾವ ದಳ, ಯಾವ ವರ್ಷ... ಅದನ್ನು ಹೇಳುವುದು. ಒಂದು ಕಾಲದಲ್ಲಿ ಪೊಲೀಸ್ ಲಾಠಿ ಇತ್ತು ಕೈಯಲ್ಲಿ. ಈಗ ಭೂತಗನ್ನಡಿ.

ಹಿಂದಿನ ಭಾನುವಾರ ಮೇಡಂ ಇದೇ ಸಂತೆಯಲ್ಲಿ ಒಂದು ಹಳೇ ಚಿತ್ರಪಟ ಕೊಂಡಿದ್ದರು. ಮನೆಗೆ ಹೋಗಿ ಫ್ರೇಮ್ ಬಿಚ್ಚಿದರೆ ಒಳಗೆ ಬಚ್ಚಿಟ್ಟ ಫೋಟೋ. ಸೈನ್ಯದ ಕೋಟು, ಎದೆಯ ಮೇಲೆ ಕಬ್ಬಿಣದ ಶಿಲುಬೆಯ ಪದಕ, ಹುಬ್ಬಿನ ಮೇಲೊಂದು ಹಳೇ ಗಾಯದ ಸೀಳು.

ಮೇಡಂ ನೋಡಿದ ಕೂಡಲೇ ಗುರುತಿಸಿದ್ದರು: ಮೇಜರ್ ಗೆರ್ನೋಟ್ ಪಾಲ್ಜೋವ್.

ನಲವತ್ತೈದರ ಏಪ್ರಿಲ್‌ನಲ್ಲಿ ಮೇಡಂ ಅವರ ತಮ್ಮ ಯೆನ್ಸ್ ಬಂದೂಕು ಬಿಸಾಕಿ ಮನೆಗೆ ನಡೆದು ಬಂದಿದ್ದ. ಹದಿನೇಳು ವರ್ಷ ಅವನಿಗೆ. ಮೇಜರ್ ಅವನನ್ನು ಮನೆಯೆದುರಿನ ಮರಕ್ಕೇ ನೇತುಹಾಕಿಸಿದ. ಎರಡು ವಾರದ ನಂತರ ಮೇಜರ್ ಶೆಲ್ ಬಿದ್ದು ಸತ್ತನೆಂದು ಕಾಗದ ಬಂತು. ಕೇಸು ಮುಚ್ಚಿತು.

"ಮೊನ್ನೆ ಸರ್ಕಾರಿ ವಕೀಲರಿಗೆ ಇದನ್ನ ತೋರಿಸ್ದೆ," ಎಂದರು ಮೇಡಂ. "ಸತ್ತೋರೂ ಸಾಯೋಕೆ ಮುಂಚೆ ಫೋಟೋ ತೆಗೆಸ್ಕೊಂಡಿರ್ತಾರಮ್ಮ, ಅಂದ್ರು. ಅವನು ಬದುಕಿದಾನೆ ಅನ್ನೋಕೆ ಒಂದು ಸಾಕ್ಷಿ ತನ್ನಿ, ಕೇಸು ಮತ್ತೆ ತೆಗೀತೀನಿ ಅಂದ್ರು."

ಭೂತಗನ್ನಡಿ ಹಿಡಿದೆ. ಕೋಟು ಅಸಲಿ. ಕಾಲರ್ ಅಸಲಿ. ಪದಕದ ನಡುವೆ ನೋಡಿದೆ...

ನಗು ಬಂತು ನನಗೆ.

"ಇಲ್ಲಿ ನೋಡಿ ಮೇಡಂ. ಏನ್ ಕಾಣ್ತಿದೆ?"

"ಎಲೆ. ಮೂರು ಓಕ್ ಎಲೆ."

"ಯುದ್ಧದಲ್ಲಿ ಕೊಟ್ಟ ಪದಕಕ್ಕೆ ಅಲ್ಲಿ ನಾಜಿ ಚಿಹ್ನೆ ಇತ್ತು. ಆಮೇಲೆ ಆ ಚಿಹ್ನೆ ನಿಷೇಧ ಆಯ್ತು. ಐವತ್ತೇಳರಲ್ಲಿ ಕಾನೂನು ಬಂತು: ಪದಕ ಹಾಕ್ಕೊಳ್ಳಿ, ಆದ್ರೆ ಚಿಹ್ನೆ ಜಾಗದಲ್ಲಿ ಎಲೆ ಇರೋದನ್ನೇ ಹಾಕ್ಕೊಳ್ಳಿ ಅಂತ. ಈ ಪದಕ ಯುದ್ಧದ ಕಾಲದಲ್ಲಿ ಹುಟ್ಟೇ ಇರ್ಲಿಲ್ಲ."

"ಅಂದ್ರೆ?"

"ಅಂದ್ರೆ ಮೇಜರ್ ಸಾಹೇಬ್ರು ಸತ್ತು ಹನ್ನೆರಡು ವರ್ಷ ಆದ್ಮೇಲೆ ಸ್ಟುಡಿಯೋಗೆ ಹೋಗಿದಾರೆ."

ಮೇಡಂ ಅಳಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಫೋಟೋ ಮೇಲೆ ಬಾಗಿದರು.

"ಕೋಟು ಹಳೇದೇ ಹಾಕ್ದೋನು, ಪದಕ ಯಾಕೆ ಹೊಸದು ಹಾಕ್ದ?"

"ಯಾಕಂದ್ರೆ ಹಳೇದು ಹಾಕೋದು ಅಪರಾಧ."

ಉತ್ತರ ನನ್ನದಲ್ಲ. ಬೆನ್ನ ಹಿಂದಿನಿಂದ ಬಂದದ್ದು.

ತಿರುಗಿದೆ. ಉದ್ದನೆಯ ಮುದುಕ. ಇಸ್ತ್ರಿ ಮುರಿಯದ ಕೋಟು. ಹುಬ್ಬಿನ ಮೇಲೆ ಅದೇ ಸೀಳು. ಪಕ್ಕದಲ್ಲಿ ಲೋಳೆ ಮೆತ್ತಿದ ಫೋಲ್ಕ್‌ಮಾರ್, ಕೈಯಲ್ಲಿ ಮೀನು ಕೊಯ್ಯುವ ಚಾಕು.

"ನನ್ನ ಸೊಸೆಗೆ ಬುದ್ಧಿ ಇಲ್ಲ," ಎಂದ ಮುದುಕ. "ಕೇಳ್ದೆ ಫ್ರೇಮ್ ಮಾರಿದಾಳೆ. ಕೊಡಪ್ಪ ಇಲ್ಲಿ. ನನ್ನ ಮಗನಿಗೆ ತಾಳ್ಮೆ ಕಮ್ಮಿ."

"ಯೆನ್ಸ್ ಲೊರೆನ್ಸೆನ್," ಎಂದರು ಮೇಡಂ. "ನೆನಪಿದೆಯಾ?"

ಮುದುಕ ನಿಜವಾಗಿಯೂ ಯೋಚಿಸಿದ. "ಇಲ್ಲ ತಾಯಿ. ಆ ತಿಂಗಳು ತುಂಬ ಜನ ಇದ್ರು."

ಮೇಡಂ ತಲೆಯಾಡಿಸಿದರು. ಬಿಸಿ ಕಾಫಿಯನ್ನು ನೇರ ಫೋಲ್ಕ್‌ಮಾರ್ ಮುಖಕ್ಕೆ ಎರಚಿದರು. ಇಪ್ಪತ್ತೈದು ವರ್ಷ ಸೀಮೆಸುಣ್ಣ ಎಸೆದ ಕೈ ಸಾರ್, ಗುರಿ ತಪ್ಪಲಿಲ್ಲ.

ಚಾಕು ಬಿತ್ತು. ಮುದುಕ ಓಡಿದ. ಎಪ್ಪತ್ತರ ಹತ್ತಿರದ ಮನುಷ್ಯ, ಏನು ಓಟ ಅದು!

ಮೀನು ಬನ್ನು ತಿನ್ನುತ್ತಿದ್ದ ಪೊಲೀಸಪ್ಪನಿಗೆ ಕೂಗಿ ಹೇಳಿ, ನಾನು ಅಡ್ಡದಾರಿ ಹಿಡಿದೆ. ಸಂತೆ ದಾಟಿದರೆ ದೊಡ್ಡ ರಸ್ತೆ. ರಸ್ತೆಯಾಚೆ ಗಲ್ಲಿಗಳು. ಗಲ್ಲಿ ಹೊಕ್ಕರೆ ಇನ್ನು ಇಪ್ಪತ್ತಾರು ವರ್ಷ ಸಿಗುವವನಲ್ಲ. ರಸ್ತೆ ದಾಟಿ ಎದುರು ಬದಿಯಲ್ಲಿ ಅಡ್ಡ ನಿಂತೆ.

ಮುದುಕ ಆ ಬದಿಗೆ ಬಂದ.

ನಿಂತ.

ರಸ್ತೆಯಲ್ಲಿ ಒಂದು ಕಾರಿಲ್ಲ, ಸೈಕಲ್ಲಿಲ್ಲ, ನಾಯಿಯೂ ಇಲ್ಲ. ಆದರೆ ಸಿಗ್ನಲ್ ಕೆಂಪಿತ್ತು.

ದೀಪ ನೋಡುತ್ತ ನಿಂತೇ ಇದ್ದ. ಹಸಿರು ಬರುವಷ್ಟರಲ್ಲಿ ಪೊಲೀಸಪ್ಪನ ಕೈ ಅವನ ಹೆಗಲ ಮೇಲಿತ್ತು. ಹಿಂದೆಯೇ ಏದುಸಿರು ಬಿಡುತ್ತ ಮೇಡಂ.

"ಯೆನ್ಸ್ ಲೊರೆನ್ಸೆನ್," ಎಂದರು ಅವನ ಮುಖಕ್ಕೆ ಮುಖ ಕೊಟ್ಟು. "ಕೋರ್ಟಲ್ಲಿ ಕೇಳ್ತಾರೆ. ಹೆಸರು ಬಾಯಿಪಾಠ ಮಾಡ್ಕೊಳಿ."

ಅತ್ತ ಫೋಲ್ಕ್‌ಮಾರ್‌ನನ್ನು ಗೆಶೆ ಹಿಡಿದು ಕೂರಿಸಿದ್ದಳು.

ಪೊಲೀಸಪ್ಪ ಬಾಯೊರೆಸಿಕೊಂಡು ನನ್ನ ಕಡೆ ಬಂದ. ಕೈಕುಲುಕುತ್ತಾನೆ ಅಂದುಕೊಂಡೆ. ಜೇಬಿನಿಂದ ಚೀಟಿ ಪುಸ್ತಕ ತೆಗೆದ.

"ನೀವು ಕೆಂಪು ದೀಪ ಇದ್ದಾಗ ದಾಟಿದ್ರಿ. ನಾನೇ ನೋಡ್ದೆ."

ಆ ರಸ್ತೆಯಲ್ಲಿ ಅವತ್ತು ಒಬ್ಬ ಕೊಲೆಗಾರನೂ ಇದ್ದ, ನಾನೂ ಇದ್ದೆ. ದಂಡ ಬಿದ್ದದ್ದು ನನಗೆ.