ಎಡಗೈಯ ಎಲೆ

ಆ ಮನುಷ್ಯ ಶೆಡ್ಡಿಗೆ ಬಂದ ಮೊದಲ ದಿನವೇ ನಾವು ಹೊಲಿದಿದ್ದ ಹೊದಿಕೆಯನ್ನು ಮಗುಚಿ ಹಾಕಿ ಹಿಂಬದಿ ನೋಡಿದ. ಕಸೂತಿಯ ಮುಂಬದಿ ನೋಡಿ ‘ಆಹಾ’ ಎನ್ನುವ ಗಂಡಸರನ್ನು ಬೇಕಾದಷ್ಟು ಕಂಡಿದ್ದೆ. ದಾರದ ಜಾಡು ಹಿಡಿದು ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿದವನು ಇವನೊಬ್ಬನೇ. ನನ್ನ ಎದೆ ಧಸಕ್ಕೆಂದಿತು. ಪ್ರೀತಿಯಿಂದಲ್ಲ, ಭಯದಿಂದ.

ಅವನು ಕಸೂತಿಗೆ ಚಿತ್ರ ಬರೆಯುವವನು. ಕಾಗದದ ಮೇಲೆ ಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಬಟ್ಟೆಯ ಮೇಲಿಟ್ಟು ನೀಲಿ ಪುಡಿ ಉಜ್ಜಿದರೆ ಚಿತ್ರ ಚುಕ್ಕಿ ಚುಕ್ಕಿಯಾಗಿ ಇಳಿಯುತ್ತಿತ್ತು. ನಮ್ಮ ಹೆಂಗಸರು ಸಂಜೆಯೊಳಗೆ ಅವನಿಗೆ ‘ಚುಕ್ಕಿ ಮಾಸ್ಟರ್’ ಎಂದು ಹೆಸರಿಟ್ಟುಬಿಟ್ಟರು.

ನಾವೆಲ್ಲ ಹಳ್ಳಿಯವರು. ಹೊಲ, ದನ, ಒಲೆ ಮುಗಿಸಿ, ಒರಟು ಬೆರಳಿಗೆ ದಾರ ಸಿಕ್ಕಿಕೊಳ್ಳದಂತೆ ಬೆರಳ ತುದಿಯನ್ನು ಕಲ್ಲಿಗೆ ಉಜ್ಜಿಕೊಂಡು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮುಂದೆ ಸಾಲಾಗಿ ಕೂರುತ್ತಿದ್ದೆವು. ಶೆಡ್ಡಿನ ಯಜಮಾನಿ ನನ್ನ ದೊಡ್ಡಮ್ಮ. ಎಷ್ಟು ಜನ ಕೂತರೂ ಒಂದೇ ಕೈ ಹೊಲಿದಂತೆ ಕಾಣಬೇಕು ಎಂಬುದು ಅವಳ ಹಟ. ನಾನೋ ಹುಟ್ಟಾ ಎಡಚಿ. ಎಡಗೈಯಲ್ಲಿ ಹೊಲಿದರೆ ದಾರದ ತಿರುವು ಉಳಿದವರದ್ದಕ್ಕೆ ಎದುರಾಗಿ ಬೀಳುತ್ತದೆ, ಬೆಳಕು ಅದರ ಮೇಲೆ ಬೇರೆ ಥರ ಹೊಳೆಯುತ್ತದೆ. ಸಾಲದ್ದಕ್ಕೆ ಪಕ್ಕದವಳ ಮೊಣಕೈಗೆ ನನ್ನ ಮೊಣಕೈ ಡಿಕ್ಕಿ.

“ಬಲಗೈಲಿ ಹೊಲಿದ್ರೆ ಸೂಜಿ ಕೊಡ್ತೀನಿ. ಇಲ್ಲಾಂದ್ರೆ ಕತ್ತರಿ ಹಿಡ್ಕೊಂಡು ದಾರದ ತುದಿ ಕತ್ತರಿಸ್ತಾ ಕೂತ್ಕೋ,” ಎಂದು ದೊಡ್ಡಮ್ಮ ಖಡಾಖಂಡಿತವಾಗಿ ಹೇಳಿದ್ದಳು.

ಬಲಗೈಯಲ್ಲೇ ಹೊಲಿಯುತ್ತಿದ್ದೆ, ಯಾರದೋ ಚಪ್ಪಲಿ ಮೆಟ್ಟಿಕೊಂಡು ನಡೆದ ಹಾಗೆ. ಮಧ್ಯಾಹ್ನ ದೊಡ್ಡಮ್ಮ ಕಣ್ಣು ಮುಚ್ಚಿದಾಗ ಮಾತ್ರ ಸೂಜಿ ಎಡಗೈಗೆ ಹೋಗಿ, ಸರಸರನೆ ಒಂದು ಎಲೆ ಮುಗಿಸಿ ಬರುತ್ತಿತ್ತು. ದೊಡ್ಡಮ್ಮನ ಕಣ್ಣು ಮಂಜಾಗಿತ್ತು, ಅಷ್ಟು ಎಲೆಗಳ ನಡುವೆ ಒಂದನ್ನು ಅವಳು ಗುರುತಿಸುತ್ತಿರಲಿಲ್ಲ. ಆ ಒಂದು ಎಲೆಗಾಗಿ ನಾನು ದಿನವಿಡೀ ಕಾಯುತ್ತಿದ್ದೆ.

ಚುಕ್ಕಿ ಮಾಸ್ಟರ್ ಹಿಂಬದಿಯಲ್ಲಿ ಬೆರಳಿಟ್ಟದ್ದು ಸರಿಯಾಗಿ ಅದರ ಮೇಲೆಯೇ.

“ಈ ಎಲೆ ಯಾರದು?”

“ಎಲೆ ಬಳ್ಳೀದು, ಮಾಸ್ಟರ್,” ಎಂದಳು ನನ್ನ ಪಕ್ಕದಲ್ಲಿದ್ದ ಅತ್ತಿಗೆ. ಶೆಡ್ಡಿಗೆ ಶೆಡ್ಡೇ ನಕ್ಕಿತು.

ಅವನೂ ನಕ್ಕ. “ಬಳ್ಳೀದೇ ಇರ್ಬಹುದು. ಆದ್ರೆ ಬಳ್ಳಿ ಮೇಲೆ ಮುನಿಸ್ಕೊಂಡು ಆ ಕಡೆ ತಿರುಗಿದೆಯಲ್ಲ!”

ಅಂದಿನಿಂದ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಅವನು ಚೌಕಟ್ಟಿನ ಸುತ್ತ ಸುಳಿಯತೊಡಗಿದ. ಎಲ್ಲರ ಕೈ ನೋಡುತ್ತಿದ್ದ. ಒಂದು ದಿನ ನನ್ನ ಎದುರು ಬಂದು ನಿಂತ. ನಾನು ಬಲಗೈಯಲ್ಲಿ ಸೂಜಿ ಹಿಡಿದು ಸಾಧ್ಯವಾದಷ್ಟು ಗಂಭೀರವಾಗಿ ಹೊಲಿದೆ.

“ಚೆನ್ನಾಗಿ ಹೊಲೀತೀರಿ,” ಎಂದ.

“ಗೊತ್ತು.”

“ಆದ್ರೆ ಈ ಕೈಗೆ ಯಾಕೋ ಬೇಜಾರಾಗಿದೆ ಅನ್ಸುತ್ತೆ.”

ತಲೆಯೆತ್ತಿದೆ. ಅವನ ಕಣ್ಣು ನನ್ನ ಮಡಿಲಲ್ಲಿ ಮುಚ್ಚಿಟ್ಟಿದ್ದ ಎಡಗೈಯ ಮೇಲಿತ್ತು. ಅಲ್ಲಿಂದ ಮೆಲ್ಲನೆ ನನ್ನ ಮುಖಕ್ಕೆ ಬಂತು, ಬಂದದ್ದು ವಾಪಸ್ ಹೋಗುವುದನ್ನು ಮರೆತುಬಿಟ್ಟಿತು. ಪೆನ್ಸಿಲ್ಲಿನ ಕೆಳಗೆ ಅವನ ಕಿವಿ ಕೆಂಪಾಗುವುದನ್ನು ನೋಡುತ್ತಾ ನಾನು ಸೂಜಿ ಚುಚ್ಚಿಕೊಂಡೆ.

ಅವನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬ ಕುತೂಹಲಕ್ಕೆ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೇಕೆಂದೇ ಎಡಗೈಯ ಎಲೆಯನ್ನು ಚಿತ್ರದಲ್ಲಿದ್ದ ಹಕ್ಕಿಯ ರೆಕ್ಕೆಯ ಕೆಳಗೆ ಅಡಗಿಸಿದೆ. ಅವನು ಬಟ್ಟೆಗೆ ಕೆನ್ನೆಯೂರಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ತಲೆ ವಾಲಿಸಿ ಹುಡುಕಿದ. ಸಿಕ್ಕಾಗ ಮುಖವೆಲ್ಲ ಅರಳಿತು. ಆಮೇಲೆ ಅವನ ಚಿತ್ರಗಳಲ್ಲಿ ಎಲೆಗಳು ಹೆಚ್ಚಾಗತೊಡಗಿದವು.

“ಎಲೆ ಜಾಸ್ತಿ ಆಗ್ಲಿಲ್ವೇನಪ್ಪಾ?” ಎಂದು ದೊಡ್ಡಮ್ಮ ಕೇಳಿದಳು.

“ವಸಂತಕಾಲ, ದೊಡ್ಡಮ್ಮಾ,” ಎಂದ ಅವನು ಸೂರು ನೋಡುತ್ತಾ.

ಸಂಜೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ನಾನೇ ಮಾತಿಗೆಳೆಯುತ್ತಿದ್ದೆ. “ಇವತ್ತು ಸಿಕ್ತಾ?”

“ಮೊಗ್ಗಿನ ಹಿಂದೆ.”

“ನಂದೇ ಅಂತ ಹೇಗೆ ಗೊತ್ತಾಯ್ತು?”

“ಬೇರೆ ಎಲೆ ನೋಡಿದ್ರೆ ಕೆಲಸ ಕಾಣುತ್ತೆ. ಇದನ್ನ ನೋಡಿದ್ರೆ ಖುಷಿ ಕಾಣುತ್ತೆ.” ಸ್ವಲ್ಪ ತಡೆದು ಸೇರಿಸಿದ. “ಆಮೇಲೆ, ನಾನು ಹತ್ರ ಬಂದ್ರೆ ಕೈ ಬಚ್ಚಿಟ್ಕೊಳ್ಳೋರು ಇಡೀ ಶೆಡ್ಡಲ್ಲಿ ನೀವೊಬ್ರೇ.”

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಅವನಿಗೆ ಸಂತೋಷ ಹೆಚ್ಚಾದರೆ ಬುದ್ಧಿ ಕೈಕೊಡುತ್ತದೆ. ಹೊದಿಕೆ ಮುಗಿದ ದಿನ ಅದನ್ನು ದೊಡ್ಡಮ್ಮನ ಮುಂದೆ ಹರಡಿ, “ಈ ಎಲೆ ನೋಡಿ! ನಾನು ಬರೆದದ್ದಕ್ಕಿಂತ ಚೆನ್ನಾಗಿ ಬಂದಿದೆ,” ಎಂದುಬಿಟ್ಟ.

ದೊಡ್ಡಮ್ಮನ ಕಣ್ಣು ಮಂಜಾಗಿತ್ತೇ ಹೊರತು ಬೆರಳಲ್ಲ. ಎಲೆಯ ಮೇಲೆ ಒಮ್ಮೆ ಬೆರಳಾಡಿಸಿದಳು.

“ಎಡಚೀ,” ಎಂದಳು. ಕೂಗಲೂ ಇಲ್ಲ. ನನ್ನ ಕೈಯಿಂದ ಸೂಜಿ ಹೋಗಿ ಕತ್ತರಿ ಬಂತು, ಜೊತೆಗೆ ನನ್ನ ಎಡಗೈಯ ಎಲೆಗಳನ್ನೆಲ್ಲ ಬಿಚ್ಚುವ ಅಪ್ಪಣೆಯೂ.

“ನಾನು ಹೊಗಳಿದ್ದು...” ಎಂದು ಅವನು ಹಿಂದೆಯೇ ಬಂದ.

“ಹೊಗಳಿ ಹೊಗಳಿ ನನ್ನ ಕೈ ಕಟ್ಟಿ ಹಾಕಿದ್ರಿ,” ಎಂದೆ. ಅವನಿಗೆ ಬೆನ್ನು ತಿರುಗಿಸಿದೆ. ಒಂದೊಂದೇ ಎಲೆ ಬಿಚ್ಚುತ್ತಾ ಕೂತೆ. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳಷ್ಟೇ ಉಳಿಯುತ್ತಿದ್ದವು. ಸೂಜಿಯಿಲ್ಲದ ಕೈ ನನ್ನದೇ ಅನ್ನಿಸುತ್ತಿರಲಿಲ್ಲ. ಅವನನ್ನು ಕಂಡರೆ ಸಿಟ್ಟು ಬರುತ್ತಿತ್ತು, ಕಾಣದಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು.

ಕೆಲವು ದಿನ ಅವನು ಶೆಡ್ಡಿನ ಕಡೆ ಬರಲಿಲ್ಲ. ಬಂದಾಗ ಬಗಲಲ್ಲಿ ದೊಡ್ಡ ಕಾಗದವಿತ್ತು. ನೆಲದ ಮೇಲೆ ಬಿಡಿಸಿದ. ಎಡದಿಂದೊಂದು, ಬಲದಿಂದೊಂದು ಬಳ್ಳಿ ಮೇಲೆದ್ದು ನಡುವೆ ಒಂದಕ್ಕೊಂದು ಬಾಗಿದ್ದವು.

“ಎರಡೂ ಎದುರುಬದುರು, ದೊಡ್ಡಮ್ಮ. ಒಂದರ ತಿರುವು ಹೀಗೆ, ಇನ್ನೊಂದರದು ಹಾಗೆ. ಎಡಗೈ ಇಲ್ದೆ ಇದು ಆಗೋದೇ ಇಲ್ಲ.”

“ಯಾರಪ್ಪಾ ಹೇಳಿದ್ದು? ದಾರ ಸೂಜಿಗಿಂತ ಮೇಲ್ಗಡೆ ಹಿಡಿದ್ರೆ ಬಲಗೈಗೂ ಆ ತಿರುವು ಬರುತ್ತೆ. ನನ್ನ ಕಿವಿಗೆ ಹೂ ಇಡ್ಬೇಡ.”

ಅತ್ತಿಗೆ ನಗು ತಡೆಯಲು ಕೆಮ್ಮಿದಳು. ಅವನು ಕಾಗದ ಬಿಟ್ಟು ಎದ್ದು ನಿಂತ.

“ಬರುತ್ತೆ. ನನಗೂ ಗೊತ್ತು. ಆದ್ರೆ ನನಗೆ ಅವರ ಕೈಯೇ ಬೇಕು.”

ಸೂಜಿಗಳೆಲ್ಲ ನಿಂತವು. ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದ ಮೇಲೆ ಎರಡೂ ಕಿವಿ ಕೆಂಪಾದವು.

“ಹೊಲಿಯೋದಕ್ಕಾ, ಹಿಡಿಯೋದಕ್ಕಾ?” ದೊಡ್ಡಮ್ಮ ಕೇಳಿದಳು.

“ಎರಡಕ್ಕೂ,” ಎಂದು ನನ್ನನ್ನು ನೋಡಿದ. “ಅವರು ಒಪ್ಪಿದ್ರೆ. ನನ್ನನ್ನ ಒಪ್ಪದಿದ್ರೂ ಸರಿ, ಸೂಜಿ ಮಾತ್ರ ವಾಪಸ್ ಕೊಟ್ಬಿಡಿ. ತಪ್ಪು ಮಾಡಿದ್ದು ನನ್ನ ಬಾಯಿ, ಅವರ ಕೈಯಲ್ಲ.”

ಆ ಮಾತಿಗೆ ನಾನು ಸೋತೆ. ನಿಜವಾಗಿಯೂ ಸೋತೆ.

“ಏನೇ?” ಎಂದಳು ದೊಡ್ಡಮ್ಮ.

“ಮೊದಲು ಸೂಜಿ,” ಎಂದೆ. “ಎಡಗೈಗೇ ಕೊಡಿ. ಬಲಗೈಲಿ ನಾನಿನ್ನು ಹೊಲಿಯಲ್ಲ.”

ದೊಡ್ಡಮ್ಮ ನನ್ನ ಎಡಗೈಗೆ ಸೂಜಿ ಇಟ್ಟಳು. ಆಮೇಲೆ ಸಾಲಿನ ಎಡತುದಿಯಲ್ಲಿದ್ದ ತನ್ನ ಚಾಪೆಯನ್ನು ಎಳೆದು ಆಚೆ ಹಾಕಿದಳು. ನನಗೆ ನೆನಪಿರುವಷ್ಟು ಕಾಲ ಅವಳು ಕೂತಿದ್ದ ಜಾಗ ಅದು.

“ಇಲ್ಲಿ ಕೂತ್ಕೋ. ಈ ತುದೀಲಿ ಯಾರ ಮೊಣಕೈಯೂ ತಾಗಲ್ಲ. ಒಂದು ಬಳ್ಳಿ ನಿಂದು.” ಅವನ ಕಡೆ ತಿರುಗಿ, “ನೀನ್ಯಾಕಪ್ಪಾ ಕಂಬದ ಹಾಗೆ ನಿಂತಿದೀಯ? ಹೋಗು, ಪುಡಿ ಉಜ್ಜು,” ಎಂದಳು.

ಸಂಜೆ ನಲ್ಲಿಯ ಹತ್ತಿರ ಅವನು ಕಾಯುತ್ತಿದ್ದ. “ನನ್ನ ಮಾತಿಗೆ ಉತ್ತರ ಬರ್ಲಿಲ್ಲ.”

ನಾನು ಎಡಗೈ ಚಾಚಿದೆ. ಅವನು ಯೋಚಿಸಿ, ಮರ್ಯಾದೆಗೆ ತನ್ನದೂ ಎಡಗೈಯೇ ಚಾಚಿದ. ಕೈಗಳು ಅಡ್ಡಡ್ಡವಾಗಿ ಸಿಕ್ಕಿ ಪೇಚಾಟವಾಯಿತು.

“ಅದಲ್ಲ. ನಿಮ್ಮ ಬಲಗೈ ಕೊಡಿ.”

ಕೊಟ್ಟ. ನೇರವಾಗಿ ನನ್ನ ಅಂಗೈಯೊಳಗೆ ಬಂತು.

“ಅರೆ! ಎದುರಿಗೆ ನಿಂತವರ ಬಲಗೈಗೆ ಎಡಗೈಯೇ ನೇರ,” ಎಂದ ಬೆರಗಿನಿಂದ.

“ಈಗ ಗೊತ್ತಾಯ್ತಾ?”

“ಗೊತ್ತಾಯ್ತು,” ಎಂದ. ಗೊತ್ತಾದ ಮೇಲೂ ಕೈ ಬಿಡಲಿಲ್ಲ.